ಖಗೋಳ ದಿನ ವರ್ಷಕ್ಕೆ ಎರಡು ಸಲ ಯಾಕೆ? ನಮಗೆ ಅದು ಯಾವಾಗ ಬರಬೇಕು?

2026ರ ಅಂತರರಾಷ್ಟ್ರೀಯ ಖಗೋಳ ದಿನ ಏಪ್ರಿಲ್ 25ಕ್ಕೆ ಅಂತ ಒಂದು ಸುದ್ದಿ. ಸೆಪ್ಟೆಂಬರ್ 19ಕ್ಕೆ ಅಂತ ಇನ್ನೊಂದು. 2025ರದ್ದು ತೆಗೆದು ನೋಡಿದರೆ ಮೇ 3 ಮತ್ತು ಸೆಪ್ಟೆಂಬರ್ 27. ಇದರ ನಡುವೆ ಜೂನ್ 30ಕ್ಕೆ ಕ್ಷುದ್ರಗ್ರಹ ದಿನ, ಆಗಸ್ಟ್ 23ಕ್ಕೆ ರಾಷ್ಟ್ರೀಯ ಬಾಹ್ಯಾಕಾಶ ದಿನ, ಅಕ್ಟೋಬರ್ 4ರಿಂದ ವಿಶ್ವ ಬಾಹ್ಯಾಕಾಶ ಸಪ್ತಾಹ. ಯಾವುದು ನಿಜ, ಯಾವುದು ಸುಮ್ನೆ ಹರಿದಾಡುವ ವಾಟ್ಸಾಪ್ ಸಂದೇಶ ಅಂತ ಗೊಂದಲ ಆಗುವುದು ಸಹಜ.

ಎಲ್ಲವೂ ನಿಜ. ಆದರೆ ಎಲ್ಲವೂ ಒಂದೇ ಅಲ್ಲ. ಉಳಿದವುಗಳ ತಾರೀಕು ಪ್ರತಿ ವರ್ಷ ಅದೇ ಇರುತ್ತದೆ, ಖಗೋಳ ದಿನದ್ದು ಮಾತ್ರ ಓಡಾಡುತ್ತದೆ. ಯಾಕೆ ಅಂತ ಬಿಡಿಸಿ ನೋಡಿದರೆ ಅದರೊಳಗೆ ಒಂದು ಒಳ್ಳೆಯ ಯೋಚನೆ ಸಿಗುತ್ತದೆ. ಆ ಯೋಚನೆ ನಮ್ಮ ಪಂಚಾಂಗಕ್ಕೆ ಹೇಳಿ ಮಾಡಿಸಿದಂತಿದೆ. ನಮಗೆ ಹೊಂದದೇ ಇರುವುದು ಅದು ಬರುವ ತಿಂಗಳು.

ಫುಟ್‌ಪಾತಿನಲ್ಲಿ ಹುಟ್ಟಿದ ದಿನ

ಖಗೋಳ ದಿನ ಶುರುವಾದದ್ದು 1973ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ. ಅಲ್ಲಿನ ಹವ್ಯಾಸಿ ಖಗೋಳ ಸಂಘಗಳ ಒಕ್ಕೂಟಕ್ಕೆ ಆಗ ಅಧ್ಯಕ್ಷರಾಗಿದ್ದವರು ಡಗ್ ಬರ್ಗರ್. ವೀಕ್ಷಣಾಲಯಗಳು ಊರಿಂದ ದೂರ, ಬೆಟ್ಟದ ಮೇಲೆ ಇರುತ್ತವೆ. ಮೊದಲೇ ಆಸಕ್ತಿ ಇದ್ದವರು ಮಾತ್ರ ಅಲ್ಲಿವರೆಗೆ ಹೋಗುತ್ತಾರೆ. ಬರ್ಗರ್ ಯೋಚಿಸಿದ್ದು ತಿರುಗಿಸಿ: ಜನ ಟೆಲಿಸ್ಕೋಪ್ ಹತ್ತಿರ ಬರದಿದ್ದರೆ ಟೆಲಿಸ್ಕೋಪ್ ಅನ್ನೇ ಜನರ ಹತ್ತಿರ ಒಯ್ಯೋಣ. ಊರಿನ ಗಿಜಿಗುಡುವ ಜಾಗಗಳಲ್ಲಿ ಅದನ್ನು ನಿಲ್ಲಿಸೋಣ. ಹಾದಿಹೋಕರು ಒಂದು ನಿಮಿಷ ನಿಂತು ನೋಡಿ ಹೋಗಲಿ.

ಈ ಯೋಚನೆಗೆ ಅದೇ ಸೀಮೆಯಲ್ಲಿ ಆಗಲೇ ನೆಲ ಹದವಾಗಿತ್ತು. 1968ರಲ್ಲಿ ಜಾನ್ ಡಾಬ್ಸನ್ ಎಂಬುವರು ಒಂದಿಬ್ಬರು ಹುಡುಗರ ಜತೆ ಸೇರಿ ಸ್ಯಾನ್ ಫ್ರಾನ್ಸಿಸ್ಕೋದ ರಸ್ತೆಬದಿಯಲ್ಲಿ ಟೆಲಿಸ್ಕೋಪ್ ನಿಲ್ಲಿಸುವ ಗುಂಪು ಕಟ್ಟಿದ್ದರು. ಡಾಬ್ಸನ್ ಅದಕ್ಕೂ ಮೊದಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿನ ವೇದಾಂತ ಸೊಸೈಟಿಯ ಮಠದಲ್ಲಿದ್ದವರು. ಅದು ರಾಮಕೃಷ್ಣ ಪರಂಪರೆಗೆ ಸೇರಿದ ಮಠ. ಹಳೆಯ ಹಡಗಿನ ಕಿಟಕಿ ಗಾಜನ್ನು ಕೈಯಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿ, ರಟ್ಟಿನ ಕೊಳವೆ ಮತ್ತು ಪ್ಲೈವುಡ್‌ನಲ್ಲಿ ಕೂರಿಸಿ ಅವರು ಟೆಲಿಸ್ಕೋಪ್ ಮಾಡುತ್ತಿದ್ದರು. ಇವತ್ತು ಬೆಂಗಳೂರು, ಉಡುಪಿ, ಮೈಸೂರು ಎಲ್ಲೇ ಆಗಲಿ, ಹವ್ಯಾಸಿಗಳು ತಾವೇ ಮಾಡಿಕೊಳ್ಳುವ ದೊಡ್ಡ ಕನ್ನಡಿಯ ಟೆಲಿಸ್ಕೋಪ್ ಅಂದರೆ ಸಾಮಾನ್ಯವಾಗಿ ಡಾಬ್ಸೋನಿಯನ್ನೇ. ದುಬಾರಿ ಯಂತ್ರ ಇಲ್ಲದೆಯೂ ಶನಿಯ ಬಳೆ ನೋಡಬಹುದು ಅಂತ ತೋರಿಸಿದ್ದು ಇಂಥವರು. ಖಗೋಳ ದಿನದ ಬೇರು ಇಲ್ಲಿದೆ. ಯಾವುದೋ ಸಾಧನೆಯ ನೆನಪಿಗೆ ಅಂತ ಹುಟ್ಟಿದ ದಿನ ಇದಲ್ಲ. ಜನ ತಮ್ಮ ಕಣ್ಣಲ್ಲಿ ತಾವೇ ನೋಡಲಿ ಅಂತ ಹುಟ್ಟಿದ್ದು.

ಅಷ್ಟಮಿಯ ಲೆಕ್ಕ

ಈಗ ತಾರೀಕಿನ ವಿಷಯ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದ ಒಳಗೆ ಚಂದ್ರ ಬೆಳೆಯುತ್ತಾ ಸರಿಯಾಗಿ ಅರ್ಧ ಆಗುವ ದಿನ ಯಾವುದು ನೋಡಿ, ಅದಕ್ಕೆ ಹತ್ತಿರದ ಶನಿವಾರ ಹಿಡಿಯುತ್ತಾರೆ. ಅದೇ ಖಗೋಳ ದಿನ. 2007ರಿಂದ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದ ಒಳಗೂ ಇದೇ ಲೆಕ್ಕದಲ್ಲಿ ಇನ್ನೊಂದು ದಿನ ಸೇರಿತು. ವಸಂತದಲ್ಲಿ ಕಾಣುವ ನಕ್ಷತ್ರಗಳು ಬೇರೆ, ಶರತ್ತಿನಲ್ಲಿ ಕಾಣುವವು ಬೇರೆ, ಅಲ್ವಾ? ಒಂದು ಸಲ ಮೋಡ ಬಂದರೆ ಇನ್ನೊಂದು ಅವಕಾಶವೂ ಸಿಕ್ಕಂತಾಯಿತು.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ಶುದ್ಧ ಅಷ್ಟಮಿಯ ಆಸುಪಾಸಿನ ಶನಿವಾರ. ಹುಣ್ಣಿಮೆ ಯಾಕಲ್ಲ? ಅಮಾವಾಸ್ಯೆ ಯಾಕಲ್ಲ?

ಹುಣ್ಣಿಮೆಯ ಚಂದ್ರ ಬರಿಗಣ್ಣಿಗೆ ಚೆಂದ. ಟೆಲಿಸ್ಕೋಪಿನಲ್ಲಿ ಮಾತ್ರ ಸಪ್ಪೆ. ಆಗ ಬಿಸಿಲು ಚಂದ್ರನ ಮೇಲೆ ನಮ್ಮ ಬೆನ್ನ ಹಿಂದಿನಿಂದ ಬಿದ್ದ ಹಾಗೆ ನೇರವಾಗಿ ಬೀಳುತ್ತದೆ. ನೆರಳೇ ಇರುವುದಿಲ್ಲ. ನೆರಳಿಲ್ಲದಿದ್ದರೆ ಎತ್ತರ ತಗ್ಗು ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಹುಣ್ಣಿಮೆ ಚಂದ್ರನ ಬೆಳಕು ಅರ್ಧ ಚಂದ್ರನಿಗಿಂತ ಹೆಚ್ಚುಕಡಿಮೆ ಹತ್ತು ಪಟ್ಟು, ಅದರ ಮುಂದೆ ಸಣ್ಣ ನಕ್ಷತ್ರಗಳು ಮಂಕಾಗುತ್ತವೆ. ಅಷ್ಟಮಿಯಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಚಂದ್ರನ ನಡುಮಧ್ಯದಲ್ಲಿ ಹಗಲು ರಾತ್ರಿಯ ಗೆರೆ ಎಳೆದಿರುತ್ತದೆ. ಆ ಗೆರೆಯ ಹತ್ತಿರ ಟೆಲಿಸ್ಕೋಪ್ ತಿರುಗಿಸಿದರೆ ಒಂದೊಂದು ಕುಳಿಯ ಒಂದು ಅಂಚು ಬೆಳ್ಳಗೆ, ಒಳಗೆ ಕಪ್ಪು ಮಸಿಯಂಥ ನೆರಳು. ಗೆರೆಯ ಕತ್ತಲ ಬದಿಯಲ್ಲಿ ಅಲ್ಲಲ್ಲಿ ಒಂಟಿ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವು ಬೆಟ್ಟದ ತುದಿಗಳು. ಬುಡದಲ್ಲಿ ಇನ್ನೂ ರಾತ್ರಿ, ತುದಿಗೆ ಆಗಲೇ ಬೆಳಗಿನ ಬಿಸಿಲು. ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿದರೆ ಆ ಚುಕ್ಕೆ ಸ್ವಲ್ಪ ದೊಡ್ಡದಾಗಿರುತ್ತದೆ. 1609ರಲ್ಲಿ ಗೆಲಿಲಿಯೊ ಗಮನಿಸಿದ್ದು ಇದನ್ನೇ. ಚಂದ್ರ ನುಣ್ಣನೆಯ ಗೋಳ ಅಲ್ಲ, ಅಲ್ಲೂ ಬೆಟ್ಟ ಕಣಿವೆ ಇವೆ ಅಂತ ಅವನಿಗೆ ಗೊತ್ತಾದದ್ದು ಈ ನೆರಳುಗಳಿಂದ. ಆ ಬೆಟ್ಟಗಳ ಎತ್ತರವನ್ನೂ ಅವನು ಲೆಕ್ಕ ಹಾಕಿದ್ದ.

ಅಷ್ಟಮಿಗೆ ಇನ್ನೊಂದು ಅನುಕೂಲ ಇದೆ. ಸೂರ್ಯ ಮುಳುಗುವಾಗ ಚಂದ್ರ ನೆತ್ತಿಯ ಹತ್ತಿರ ಇರುತ್ತಾನೆ. ಮಕ್ಕಳು ಮಲಗುವ ಹೊತ್ತಿಗೆ ಮುಂಚೆಯೇ ನೋಡಿ ಮುಗಿಸಬಹುದು. ಮಧ್ಯರಾತ್ರಿ ಸುಮಾರಿಗೆ ಅವನು ಮುಳುಗಿದ ಮೇಲೆ, ಎದ್ದಿರುವವರಿಗೆ ನಕ್ಷತ್ರ ನೋಡುವ ಕತ್ತಲೂ ಸಿಗುತ್ತದೆ.

2026ರ ಸೆಪ್ಟೆಂಬರ್ ಲೆಕ್ಕ ನಮಗೆ ವಿಶೇಷ. ಆ ವರ್ಷ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ, ಖಗೋಳ ದಿನ 19ಕ್ಕೆ. ಚೌತಿ ಚಂದ್ರನನ್ನು ನೋಡಬಾರದು ಅಂತ ಮನೆಯಲ್ಲಿ ಹೇಳಿಸಿಕೊಂಡ ಮಕ್ಕಳಿಗೆ, ಐದೇ ದಿನ ಬಿಟ್ಟು ಅದೇ ಚಂದ್ರನನ್ನು ಹತ್ತಿರದಿಂದ ನೋಡಿ ಅಂತ ಕರೆಯುವ ಅವಕಾಶ ಅದು. ತಪ್ಪಿಸಿಕೊಳ್ಳಬಾರದು.

ಬಾಹ್ಯಾಕಾಶ ದಿನಗಳ ಸಾಲು

ಉಳಿದ ದಿನಗಳಿಗೆ ಸ್ಥಿರ ತಾರೀಕು ಇರುವುದು ಅವು ಘಟನೆಗಳಿಗೆ ಅಂಟಿಕೊಂಡಿರುವುದರಿಂದ. ಅಕ್ಟೋಬರ್ 4 ಸ್ಪುಟ್ನಿಕ್ ಹಾರಿದ ದಿನ, 1957ರಲ್ಲಿ. ಅಕ್ಟೋಬರ್ 10 ಬಾಹ್ಯಾಕಾಶ ಒಪ್ಪಂದ ಜಾರಿಗೆ ಬಂದ ದಿನ, 1967ರಲ್ಲಿ. ಇವೆರಡರ ನಡುವಿನ ವಾರವನ್ನು ವಿಶ್ವಸಂಸ್ಥೆ 1999ರಲ್ಲಿ ಬಾಹ್ಯಾಕಾಶ ಸಪ್ತಾಹ ಮಾಡಿತು. ಜೂನ್ 30 ಅಂದರೆ 1908ರಲ್ಲಿ ಸೈಬೀರಿಯಾದ ತುಂಗುಸ್ಕಾದಲ್ಲಿ ಆಕಾಶಕಾಯವೊಂದು ಸಿಡಿದು ಕಾಡನ್ನೇ ಮಲಗಿಸಿದ ದಿನ. ಆಗಸ್ಟ್ 23 ಚಂದ್ರಯಾನ-3 ಇಳಿದ ದಿನ, 2023ರಲ್ಲಿ.

ಇವೆಲ್ಲ ಬೇಕು. ಇಸ್ರೋದ ಮುಖ್ಯ ಕಚೇರಿ ಇರುವ ರಾಜ್ಯದಲ್ಲಿ ಆಗಸ್ಟ್ 23ಕ್ಕೆ ಮಕ್ಕಳು ಹೆಮ್ಮೆ ಪಡುವುದು ಸರಿಯೇ. ಆದರೆ ರಾಕೆಟ್ ನೋಡಿ ಚಪ್ಪಾಳೆ ತಟ್ಟುವುದು ಒಂದು, ಆಕಾಶ ನೋಡಿ ಪ್ರಶ್ನೆ ಕೇಳುವುದು ಇನ್ನೊಂದು. ಮೊದಲನೆಯದರಲ್ಲಿ ಬೇರೆಯವರ ಸಾಧನೆಗೆ ನಾವು ಪ್ರೇಕ್ಷಕರು. ಎರಡನೆಯದರಲ್ಲಿ ನೋಡುವ ಕೆಲಸ ನಮ್ಮದೇ. ಶಾಲೆಗಳಲ್ಲಿ ಇವೆರಡನ್ನೂ ಒಂದೇ ಭಾಷಣದಲ್ಲಿ ಮುಗಿಸಿಬಿಡುವುದರಿಂದ ಎರಡನೆಯದು ಕಳೆದುಹೋಗುತ್ತಿದೆ.

2009ರಿಂದ ಏನು ಉಳಿಯಿತು

ಆಕಾಶವನ್ನು ಜನರಿಗೆ ತೋರಿಸುವ ಅತಿ ದೊಡ್ಡ ಪ್ರಯತ್ನ ನಡೆದದ್ದು 2009ರಲ್ಲಿ. ಗೆಲಿಲಿಯೊ ಟೆಲಿಸ್ಕೋಪ್ ಹಿಡಿದು 400 ವರ್ಷ ತುಂಬಿದ ನೆನಪಿಗೆ ವಿಶ್ವಸಂಸ್ಥೆ ಅದನ್ನು ಅಂತರರಾಷ್ಟ್ರೀಯ ಖಗೋಳ ವರ್ಷ ಅಂತ ಸಾರಿತ್ತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮತ್ತು ಯುನೆಸ್ಕೋ ಮುಂದೆ ನಿಂತವು. 148 ದೇಶಗಳು ಸೇರಿದವು. ಏಪ್ರಿಲ್ 2ರಿಂದ 5ರವರೆಗೆ ನೂರು ಗಂಟೆಗಳ ಖಗೋಳ ಹಬ್ಬ, ಅಕ್ಟೋಬರಿನಲ್ಲಿ ಗೆಲಿಲಿಯೊ ರಾತ್ರಿಗಳು. ನಮ್ಮ ದೇಶಕ್ಕಂತೂ ಜುಲೈ 22ರಂದು ಈ ಶತಮಾನದ ಅತಿ ದೀರ್ಘ ಪೂರ್ಣ ಸೂರ್ಯಗ್ರಹಣವೇ ಸಿಕ್ಕಿತು. ಬಿಹಾರದ ತಾರೇಗನದಲ್ಲಿ ಸಾವಿರಾರು ಜನ ಸೇರಿದರು. ಮುಂಗಾರು ಮೋಡ ಅಡ್ಡ ಬಂತು.

ಎಂಬತ್ತು ಕೋಟಿಗೂ ಜಾಸ್ತಿ ಜನರನ್ನು ತಲುಪಿದೆವು ಅಂತ ಖಗೋಳ ವರ್ಷದ ಅಂತಿಮ ವರದಿ ಹೇಳಿತು. ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ತಲುಪುವುದು ಅಂದರೇನು? ಪತ್ರಿಕೆಯಲ್ಲಿ ಓದಿದವರೂ ಅದರಲ್ಲಿದ್ದಾರೆ, ಟಿವಿಯಲ್ಲಿ ನೋಡಿದವರೂ ಇದ್ದಾರೆ. ಎಷ್ಟು ಜನ ಟೆಲಿಸ್ಕೋಪಿಗೆ ಕಣ್ಣಿಟ್ಟರು, ಅವರಲ್ಲಿ ಎಷ್ಟು ಜನ ಮುಂದಿನ ವರ್ಷವೂ ತಲೆಯೆತ್ತಿ ನೋಡಿದರು ಅನ್ನುವುದು ಇಂಥ ಸಂಖ್ಯೆಯಿಂದ ತಿಳಿಯುವುದಿಲ್ಲ. ದೊಡ್ಡ ಆಚರಣೆಗಳ ಮೇಲೆ ಇರುವ ಮುಖ್ಯ ಟೀಕೆ ಇದೇ, ಮತ್ತು ಅದು ನ್ಯಾಯವಾದ ಟೀಕೆ.

ಆದರೆ ಆ ವರ್ಷ ಒತ್ತು ಸಿಕ್ಕ ಒಂದು ಸಣ್ಣ ಕೆಲಸ ಮಾತ್ರ ಗಟ್ಟಿಯಾಗಿ ನಿಂತಿತು. ಅದರ ಹೆಸರು ಗ್ಲೋಬ್ ಅಟ್ ನೈಟ್. 2006ರಲ್ಲಿ ಶುರುವಾಗಿದ್ದ ಈ ಕೆಲಸ ಖಗೋಳ ವರ್ಷದ ಕತ್ತಲ ಆಕಾಶ ಕಾರ್ಯಕ್ರಮದ ಭಾಗವಾಯಿತು. ಮಾಡಬೇಕಾದ್ದು ಬಹಳ ಸುಲಭ. ಚಂದ್ರ ಇಲ್ಲದ ರಾತ್ರಿ ಹೊರಗೆ ಬಂದು, ಕತ್ತಲಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ಮಹಾವ್ಯಾಧದಂಥ (ಓರಿಯನ್) ಒಂದು ನಕ್ಷತ್ರಪುಂಜ ನೋಡಬೇಕು. ಜತೆಗೆ ಕೊಟ್ಟಿರುವ ಏಳೆಂಟು ಚಿತ್ರಗಳಲ್ಲಿ ಒಂದರಲ್ಲಿ ನಕ್ಷತ್ರ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ ಇರುತ್ತವೆ. ನಮ್ಮ ಆಕಾಶಕ್ಕೆ ಯಾವ ಚಿತ್ರ ಹತ್ತಿರ ಅಂತ ಗುರುತು ಹಾಕಿ ಕಳಿಸಬೇಕು. ಅಷ್ಟೇ.

ಹೀಗೆ ಜನಸಾಮಾನ್ಯರು 2011ರಿಂದ 2022ರವರೆಗೆ ಕಳಿಸಿದ 51 ಸಾವಿರಕ್ಕೂ ಹೆಚ್ಚು ಗುರುತುಗಳನ್ನು ಕ್ರಿಸ್ಟೋಫರ್ ಕೀಬಾ ಮತ್ತು ಜತೆಗಾರರು ಲೆಕ್ಕ ಹಾಕಿ 2023ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಾತ್ರಿ ಆಕಾಶ ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಬೆಳ್ಳಗಾಗುತ್ತಿದೆ ಅಂತ ಅದರಲ್ಲಿ ಗೊತ್ತಾಯಿತು. ಅಂದರೆ ಹುಟ್ಟಿದಾಗ ಊರಿನ ಆಕಾಶದಲ್ಲಿ 250 ನಕ್ಷತ್ರ ಕಾಣುತ್ತಿದ್ದರೆ, ಆ ಮಗು 18 ವರ್ಷದ್ದಾಗುವ ಹೊತ್ತಿಗೆ ಕಾಣುವುದು 100.

ಇದಕ್ಕೂ ಮೊದಲು ಉಪಗ್ರಹಗಳ ಅಳತೆ ಬೇರೆಯೇ ಹೇಳುತ್ತಿತ್ತು. ಅವುಗಳ ಪ್ರಕಾರ ಭೂಮಿಯ ರಾತ್ರಿ ಬೆಳಕು ಹೆಚ್ಚುತ್ತಿದ್ದದ್ದು ವರ್ಷಕ್ಕೆ ಶೇ 2ರ ಆಸುಪಾಸು. ಇಷ್ಟು ವ್ಯತ್ಯಾಸ ಯಾಕೆ? ಹಳೆಯ ಸೋಡಿಯಂ ದೀಪಗಳ ಬೆಳಕು ಹಳದಿ. ಈಗ ಬಂದಿರುವ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಜಾಸ್ತಿ. ಆ ಅಳತೆ ಮಾಡುವ ಉಪಗ್ರಹದ ಸಂವೇದಕಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಆದರೆ ಗಾಳಿಯಲ್ಲಿ ಚದುರಿ ಆಕಾಶವನ್ನೆಲ್ಲ ಬೆಳ್ಳಗೆ ಮಾಡುವುದು ನೀಲಿಯೇ. ಹಗಲಲ್ಲಿ ಆಕಾಶ ನೀಲಿಯಾಗಿ ಕಾಣುವುದೂ ಅದೇ ಕಾರಣಕ್ಕೆ. ಇದರ ಜತೆಗೆ, ಉಪಗ್ರಹ ಮೇಲಿನಿಂದ ನೋಡುತ್ತದೆ. ಗೋಡೆ, ಕಿಟಕಿ, ಜಾಹೀರಾತು ಫಲಕಗಳಿಂದ ಅಡ್ಡಡ್ಡ ಹೋಗುವ ಬೆಳಕು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಉಪಗ್ರಹದ ಕಣ್ಣು ತಪ್ಪಿಸಿಕೊಂಡದ್ದನ್ನು ಮನೆ ಅಂಗಳದಲ್ಲಿ ನಿಂತ ಜನರ ಕಣ್ಣು ಹಿಡಿಯಿತು. ಆಚರಣೆಯಿಂದ ನಿಜವಾದ ವಿಜ್ಞಾನ ಬರುತ್ತದಾ ಅಂತ ಕೇಳುವವರಿಗೆ ಇದು ಉತ್ತರ.

ಒಂದು ಕೊರತೆಯನ್ನೂ ಹೇಳಬೇಕು. ಆ ಗುರುತುಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಉತ್ತರ ಅಮೆರಿಕದವು. ಏಷ್ಯಾ, ಆಫ್ರಿಕಾದಿಂದ ಬಂದದ್ದು ಕಡಿಮೆ. ಅತಿ ವೇಗವಾಗಿ ದೀಪ ಬದಲಾಗುತ್ತಿರುವ ಊರುಗಳ ಲೆಕ್ಕವೇ ತೆಳುವಾಗಿದೆ.

ಊರೊಳಗಿನ ಚಂದ್ರನೋ, ಊರಾಚೆಯ ಕತ್ತಲೋ

ಇಲ್ಲಿಂದ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಖಗೋಳ ದಿನ ಅಷ್ಟಮಿ ಚಂದ್ರನನ್ನು ಆರಿಸಿಕೊಂಡದ್ದರ ಹಿಂದೆ ಊರಿನ ಬೆಳಕಿನ ಜತೆ ಒಂದು ರಾಜಿ ಇದೆ. ಎಷ್ಟೇ ದೀಪ ಇರಲಿ, ಮೆಜೆಸ್ಟಿಕ್ ನಡುವೆ ನಿಂತರೂ ಚಂದ್ರ ಕಾಣುತ್ತಾನೆ, ಗುರು ಕಾಣುತ್ತಾನೆ, ಶನಿ ಕಾಣುತ್ತಾನೆ. ಹಾಗಾಗಿ ಊರೊಳಗೆ ತೋರಿಸುವವರು ಇವನ್ನೇ ತೋರಿಸುತ್ತಾರೆ.

ಇನ್ನೊಂದು ಪಕ್ಷ ಈ ರಾಜಿಯನ್ನು ಒಪ್ಪುವುದಿಲ್ಲ. 2003ರಲ್ಲಿ ಅಮೆರಿಕದ ಶಾಲಾ ಹುಡುಗಿಯೊಬ್ಬಳು ಶುರು ಮಾಡಿದ ಕತ್ತಲ ಆಕಾಶ ಸಪ್ತಾಹ ಈಗ ಅಂತರರಾಷ್ಟ್ರೀಯ ಆಚರಣೆ. ಅದೂ ಏಪ್ರಿಲ್‌ನಲ್ಲೇ ಬರುತ್ತದೆ, ಆದರೆ ಅಮಾವಾಸ್ಯೆ ನೋಡಿಕೊಂಡು. 2026ರಲ್ಲಿ ಏಪ್ರಿಲ್ 13ರಿಂದ 20. ಅದಾಗಿ ಐದು ದಿನಕ್ಕೆ ಖಗೋಳ ದಿನ. ಒಂದಕ್ಕೆ ಚಂದ್ರ ಬೇಡ, ಇನ್ನೊಂದಕ್ಕೆ ಚಂದ್ರನೇ ಬೇಕು. ಕತ್ತಲ ಪಕ್ಷದವರ ವಾದ ಹೀಗೆ: ಚಂದ್ರನನ್ನು ತೋರಿಸಿ ಕಳಿಸಿದರೆ ಜನ ಆಕಾಶ ನೋಡಿದೆವು ಅಂದುಕೊಂಡು ಮನೆಗೆ ಹೋಗುತ್ತಾರೆ. ಅವರು ಕಳೆದುಕೊಂಡಿರುವುದು ಆಕಾಶಗಂಗೆಯನ್ನು. 2016ರಲ್ಲಿ ಬಂದ ಬೆಳಕಿನ ಮಾಲಿನ್ಯದ ಜಾಗತಿಕ ನಕ್ಷೆಯ ಪ್ರಕಾರ ಮನುಷ್ಯರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ತಾವಿರುವ ಜಾಗದಿಂದ ಅದು ಕಾಣುವುದೇ ಇಲ್ಲ.

ಈ ವಾದದಲ್ಲಿ ಹುರುಳಿದೆ. ಅದರ ಫಲವೂ ಕಣ್ಣ ಮುಂದಿದೆ. ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇದೆ. ಅಲ್ಲಿನ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಉಪಗ್ರಹ ಸಂಪರ್ಕದ ಮೂಲಕ ಇಲ್ಲೇ ಕೂತು ಅದನ್ನು ತಿರುಗಿಸುತ್ತಾರೆ. 2022ರ ಡಿಸೆಂಬರ್‌ನಲ್ಲಿ ಆ ಸುತ್ತಲಿನ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರನ್ನು ಕತ್ತಲ ಆಕಾಶ ಮೀಸಲು ಪ್ರದೇಶ ಅಂತ ಘೋಷಿಸಿದರು. ಊರಿನ ಯುವಕ ಯುವತಿಯರಿಗೆ ಟೆಲಿಸ್ಕೋಪ್ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ತರಬೇತಿ ಕೊಟ್ಟರು. ಅದರಿಂದ ಅವರಿಗೆ ಸಂಪಾದನೆಯೂ ಆಗುತ್ತಿದೆ. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಪ್ರದೇಶಕ್ಕೆ ದೇಶದ ಮೊದಲ ಕತ್ತಲ ಆಕಾಶ ಉದ್ಯಾನ ಎಂಬ ಮನ್ನಣೆ ಸಿಕ್ಕಿತು.

ಆದರೂ ಈ ದಾರಿ ಒಂದನ್ನೇ ಹಿಡಿದರೆ ತೊಂದರೆ ಇದೆ. ಹಾನ್ಲೆಗೆ ಹೋಗಲು ದುಡ್ಡು ಬೇಕು, ರಜೆ ಬೇಕು, ದೇಹಕ್ಕೆ ಶಕ್ತಿ ಬೇಕು. ಶಿವಾಜಿನಗರದ ಓಣಿಯಲ್ಲಿ ಬೆಳೆಯುವ ಹುಡುಗಿಗೆ ಇವು ಮೂರೂ ಇಲ್ಲ. ಕತ್ತಲನ್ನು ದೂರದ ಪ್ರವಾಸಿ ತಾಣಗಳಲ್ಲಿ ಕಾಪಾಡಿ, ಊರುಗಳನ್ನು ಹಾಗೆಯೇ ಬಿಟ್ಟುಬಿಟ್ಟರೆ ನಕ್ಷತ್ರ ಉಳ್ಳವರ ಸೊತ್ತಾಗುತ್ತದೆ. ಜನರ ಹತ್ತಿರ ಟೆಲಿಸ್ಕೋಪ್ ಒಯ್ಯೋಣ ಅಂತ ಹೊರಟವರ ಆಶಯಕ್ಕೆ ಇದು ನೇರ ವಿರುದ್ಧ.

ದೀಪದ ಕಡೆಯವರ ಮಾತೂ ಕೇಳಬೇಕು

ಬೀದಿ ದೀಪ ಆರಿಸಿ ಅಂದರೆ ಜನ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಗಾರ್ಮೆಂಟ್ಸ್‌ನಿಂದ ನಡೆದು ಬರುವ ಹೆಣ್ಣುಮಗಳಿಗೆ ದೀಪ ಬೇಕು. ಹಳ್ಳದ ರಸ್ತೆಯಲ್ಲಿ ಬೈಕ್ ಓಡಿಸುವವನಿಗೂ ಬೇಕು. ಎಲ್‌ಇಡಿ ಹಾಕಿದ್ದು ಕರೆಂಟ್ ಉಳಿಸಲು, ಅದು ಉಳಿಸುತ್ತಲೂ ಇದೆ.

ಆಕಾಶದ ಕಡೆಯವರು ಕೇಳುತ್ತಿರುವುದು ಕತ್ತಲ ರಸ್ತೆಯನ್ನಲ್ಲ. ದೀಪದ ಮೇಲೆ ಮುಚ್ಚಳ ಇರಲಿ, ಬೆಳಕು ರಸ್ತೆಗೇ ಬೀಳಲಿ. ಬಣ್ಣ ನೀಲಿ ಬಿಳುಪಿನ ಬದಲು ಹಳದಿ ಕಡೆಗಿರಲಿ, ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ 3,000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ. ಬಾಗಿಲು ಹಾಕಿದ ಅಂಗಡಿಯ ಬೋರ್ಡು, ಖಾಲಿ ಮೈದಾನದ ಫ್ಲಡ್‌ಲೈಟು ರಾತ್ರಿಯಿಡೀ ಉರಿಯುವುದು ಬೇಡ. ಮೇಲಕ್ಕೆ ಹೋಗುವ ಬೆಳಕಿನಿಂದ ರಸ್ತೆಯಲ್ಲಿ ನಡೆಯುವವರಿಗೆ ಏನೂ ಉಪಯೋಗ ಇಲ್ಲ, ಅದು ಬಿಲ್ ಕಟ್ಟಿ ಆಕಾಶಕ್ಕೆ ಚೆಲ್ಲಿದ ಕರೆಂಟು. ಕಣ್ಣಿಗೆ ಕುಕ್ಕುವ ದೀಪದ ಪಕ್ಕದ ನೆರಳಿನಲ್ಲಿ ಯಾರಾದರೂ ನಿಂತಿದ್ದರೆ ಕಾಣುವುದೂ ಇಲ್ಲ. ಅಂದರೆ ಸುರಕ್ಷತೆ ಕೇಳುವವರೂ ಆಕಾಶ ಕೇಳುವವರೂ ಒಂದೇ ಬಗೆಯ ದೀಪವನ್ನು ಕೇಳಬಹುದು. ಈ ಮಾತನ್ನು ಇನ್ನೂ ಯಾರೂ ಕೂತು ಪಾಲಿಕೆಗಳಿಗೆ ಸಾಕಷ್ಟು ಬಿಡಿಸಿ ಹೇಳಿಲ್ಲ ಅನ್ನುವುದು ನನ್ನ ಅನಿಸಿಕೆ.

ಉಪಗ್ರಹಗಳದ್ದು ಬೇರೆ ಸಂಕಟ. 2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್‌ನ ಮೊದಲ 60 ಹಾರಿದವು, ಈಗ ಸಾವಿರಗಟ್ಟಲೆ ಇವೆ. ದೂರದ ಊರುಗಳಿಗೆ ಇಂಟರ್ನೆಟ್ ಕೊಡುವುದು ಸಣ್ಣ ಕೆಲಸವಲ್ಲ. ಆದರೆ ಟೆಲಿಸ್ಕೋಪಿನ ಚಿತ್ರಗಳ ಮೇಲೆ ಅವು ಗೆರೆ ಎಳೆಯುತ್ತವೆ. ಊರಿನ ದೀಪವನ್ನು ಪಂಚಾಯಿತಿ ಸರಿ ಮಾಡಬಹುದು. ಉಪಗ್ರಹಕ್ಕೆ ದೇಶಗಳು ಕೂತು ಮಾತಾಡಬೇಕು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಇದಕ್ಕೆಂದೇ 2022ರಲ್ಲಿ ಒಂದು ಕೇಂದ್ರ ತೆರೆದಿದೆ.

ನೋಡದೇ ಇದ್ದರೆ ಏನಾಗುತ್ತದೆ

2025ರಲ್ಲಿ ಒಂದು ಸಂದೇಶ ಹರಿದಾಡಿತು. ಆಗಸ್ಟ್ 2ಕ್ಕೆ ಇಡೀ ಭೂಮಿ ಆರು ನಿಮಿಷ ಕತ್ತಲಾಗುತ್ತದೆ ಅಂತ. ಆ ದಿನ ಗ್ರಹಣವೇ ಇರಲಿಲ್ಲ. ನಿಜವಾದ ಗ್ರಹಣ ಇರುವುದು 2027ರ ಆಗಸ್ಟ್ 2ಕ್ಕೆ. ಅದೂ ಕತ್ತಲು ಕವಿಯುವುದು ಸ್ಪೇನ್‌ನ ದಕ್ಷಿಣ, ಉತ್ತರ ಆಫ್ರಿಕಾ, ಅರೇಬಿಯಾದ ಮೇಲೆ ಹಾಯುವ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ಈಜಿಪ್ಟಿನ ಲಕ್ಸರ್ ಹತ್ತಿರ 6 ನಿಮಿಷ 23 ಸೆಕೆಂಡು. ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಇನ್ನೊಂದು ಸುಳ್ಳು 2003ರಿಂದ ಸುತ್ತುತ್ತಲೇ ಇದೆ. ಮಂಗಳವನ್ನು ಒಂದೇ ಒಂದು ಸಲ ಕಣ್ಣಾರೆ ನೋಡಿದವರು ಇದನ್ನು ನಂಬುವುದಿಲ್ಲ.

ಇವು ನಿರುಪದ್ರವಿ ಸುಳ್ಳುಗಳು ಅನ್ನಬಹುದು. ಎಲ್ಲವೂ ಹಾಗಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲೂ ಕೊಡಗಿನ ಕೆಲವೆಡೆಯೂ ಜನ ಕಂಕಣ ಗ್ರಹಣ ನೋಡಿ ಸಂಭ್ರಮಪಟ್ಟರು. ಅದೇ ಬೆಳಿಗ್ಗೆ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಗುಣವಾಗುತ್ತದೆ ಎಂಬ ನಂಬಿಕೆಯಿಂದ. ಆ ತಂದೆತಾಯಂದಿರನ್ನು ಬೈದು ಪ್ರಯೋಜನವಿಲ್ಲ. ಮಕ್ಕಳು ಹುಷಾರಾಗಲಿ ಅನ್ನುವ ಆಸೆಯಿಂದಲೇ ಅವರು ಹಾಗೆ ಮಾಡಿದ್ದು. ಒಂದೇ ರಾಜ್ಯ, ಒಂದೇ ಗ್ರಹಣ. ಒಂದು ಕಡೆ ಸೋಲಾರ್ ಫಿಲ್ಟರ್ ಕೊಟ್ಟು ಕರೆಯುವವರು ಇದ್ದರು, ಇನ್ನೊಂದು ಕಡೆ ಅಂಥವರು ತಲುಪಿರಲಿಲ್ಲ.

ಕ್ಯಾಲಿಫೋರ್ನಿಯಾದ ತಿಂಗಳು, ನಮ್ಮ ಮಳೆ

ಈಗ ಮೂಲ ಪ್ರಶ್ನೆಗೆ ಬರೋಣ. ಏಪ್ರಿಲ್ ಕೊನೆಯಲ್ಲಿ ನಮ್ಮಲ್ಲಿ ಶಾಲೆಗಳಿಗೆ ಬೇಸಿಗೆ ರಜೆ. ಸಂಜೆ ಆಗುತ್ತಿದ್ದಂತೆ ಗುಡುಗು ಮೋಡ ಕಟ್ಟುವ ಕಾಲವೂ ಅದೇ. ಸೆಪ್ಟೆಂಬರ್‌ನಲ್ಲಿ ಕರಾವಳಿ, ಮಲೆನಾಡಿನಲ್ಲಿ ಮುಂಗಾರು ಇನ್ನೂ ಮುಗಿದಿರುವುದಿಲ್ಲ. ಅಕ್ಟೋಬರ್ ಹೊತ್ತಿಗೆ ದಸರಾ ರಜೆ. ಖಗೋಳ ದಿನದ ಎರಡೂ ಕಿಟಕಿಗಳು ಕರ್ನಾಟಕಕ್ಕೆ ಅರ್ಧ ಮುಚ್ಚಿದ ಕಿಟಕಿಗಳೇ.

ಹಾಗಂತ ಏಪ್ರಿಲ್ ಪೂರ್ತಿ ವ್ಯರ್ಥವಲ್ಲ. ಅದೇ ಅವಧಿಯಲ್ಲಿ ನಮಗೆ ಹಗಲಲ್ಲೇ ಒಂದು ನೋಟ ಸಿಗುತ್ತದೆ, ಶೂನ್ಯ ನೆರಳಿನ ದಿನ. ಬೆಂಗಳೂರು, ಮಂಗಳೂರಿಗೆ ಏಪ್ರಿಲ್ 24-25ರ ಆಸುಪಾಸು, ಹುಬ್ಬಳ್ಳಿಗೆ ಮೇ ಮೊದಲ ದಿನಗಳಲ್ಲಿ, ಬೀದರಿಗೆ ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಬುಡದಲ್ಲೇ ಅಡಗುತ್ತದೆ. ಟೆಲಿಸ್ಕೋಪ್ ಬೇಡ, ಖರ್ಚಿಲ್ಲ. ಕ್ಯಾಲಿಫೋರ್ನಿಯಾದವರಿಗೆ ಇದು ಯಾವತ್ತೂ ಕಾಣುವುದಿಲ್ಲ, ಅವರು ಕರ್ಕಾಟಕ ವೃತ್ತದ ಉತ್ತರಕ್ಕಿದ್ದಾರೆ. ರಜೆಯಲ್ಲಿರುವ ಮಕ್ಕಳಿಗೆ ಬೇಸಿಗೆ ಶಿಬಿರಗಳಲ್ಲಿ ಇದನ್ನು ತೋರಿಸಬಹುದು.

ಆದರೆ ರಾತ್ರಿ ಆಕಾಶಕ್ಕೆ ನಮ್ಮ ಒಳ್ಳೆಯ ತಿಂಗಳುಗಳು ಡಿಸೆಂಬರ್‌ನಿಂದ ಫೆಬ್ರವರಿ. ಮೋಡ ಕಡಿಮೆ, ಶಾಲೆ ತೆರೆದಿರುತ್ತದೆ, ಮಹಾವ್ಯಾಧ ಮತ್ತು ಕೃತ್ತಿಕೆ ಸಂಜೆಗೇ ಮೇಲೆ ಬಂದಿರುತ್ತವೆ. ಹಾಗಾದರೆ ಖಗೋಳ ದಿನದ ನಿಯಮ ಇಟ್ಟುಕೊಂಡು ತಿಂಗಳನ್ನು ಬದಲಿಸಿಕೊಂಡರೆ ಹೇಗೆ? ಶುದ್ಧ ಸಪ್ತಮಿ-ಅಷ್ಟಮಿ, ತಿಳಿ ಆಕಾಶ, ಎಲ್ಲರಿಗೂ ಗೊತ್ತಿರುವ ದಿನ. ಪಂಚಾಂಗದಲ್ಲಿ ಅಂಥ ದಿನ ಈಗಾಗಲೇ ಇದೆ, ಮಾಘ ಶುದ್ಧ ಸಪ್ತಮಿ. ರಥಸಪ್ತಮಿ. ಅದು ಪ್ರತಿ ವರ್ಷ ಜನವರಿ ಕೊನೆಯಿಂದ ಫೆಬ್ರವರಿಯ ಒಳಗೆ, ಚಂದ್ರ ಇನ್ನೇನು ಅರ್ಧ ಆಗುವ ಹೊತ್ತಿಗೇ ಬರುತ್ತದೆ. ಬೆಳಿಗ್ಗೆ ಸೂರ್ಯನ ಹಬ್ಬ, ಸಂಜೆ ಚಂದ್ರನ ಕುಳಿ.

ಅದೇ ಮಾಘದ ಕೊನೆಗೆ ಕತ್ತಲ ಪಕ್ಷದವರಿಗೆ ಬೇಕಾದ ರಾತ್ರಿಯೂ ಇದೆ. ಮಹಾಶಿವರಾತ್ರಿ ಬಹುಳ ಚತುರ್ದಶಿ, ಸಂಜೆಯಿಂದ ಬೆಳಗಿನ ಜಾವದವರೆಗೆ ಚಂದ್ರನಿಲ್ಲ. ಜನ ಹೇಗೂ ಜಾಗರಣೆ ಇರುತ್ತಾರೆ. ಗ್ಲೋಬ್ ಅಟ್ ನೈಟ್‌ನ ಚಿತ್ರ ಹಿಡಿದು ಊರೂರಲ್ಲೂ ಮಹಾವ್ಯಾಧನ ನಕ್ಷತ್ರ ಗುರುತಿಸಲು ಇದಕ್ಕಿಂತ ಒಳ್ಳೆಯ ರಾತ್ರಿ ಬೇಕಾ? ನಮ್ಮ ಕಡೆಯ ತೆಳು ಲೆಕ್ಕ ಆಗ ಗಟ್ಟಿಯಾಗುತ್ತದೆ. ಯಾವ ವಾರ್ಡಿನಲ್ಲಿ ಯಾವ ದೀಪ ಹಾಕಿದ ಮೇಲೆ ಎಷ್ಟು ನಕ್ಷತ್ರ ಹೋದವು ಅಂತ ಪಾಲಿಕೆಯ ಮುಂದೆ ಇಡಲು ಕೈಯಲ್ಲಿ ಅಂಕಿ ಇರುತ್ತದೆ.

ಇದಕ್ಕೆ ಎರಡು ಆಕ್ಷೇಪ ಬರಬಹುದು. ಧಾರ್ಮಿಕ ದಿನಗಳಿಗೆ ವಿಜ್ಞಾನವನ್ನು ಯಾಕೆ ಕಟ್ಟಬೇಕು ಅನ್ನುವುದು ಒಂದು. ಕಟ್ಟುತ್ತಿರುವುದು ಚಂದ್ರನ ಲೆಕ್ಕಕ್ಕೆ, ಪೂಜೆಗಲ್ಲ. ಹಬ್ಬ ಆಚರಿಸದವರಿಗೂ ಅಷ್ಟಮಿ ಚಂದ್ರ ಅಷ್ಟೇ ಕಾಣುತ್ತಾನೆ. ಬೇಕಾದರೆ ಅದನ್ನು ಫೆಬ್ರವರಿ 28ರ ವಿಜ್ಞಾನ ದಿನದ ತಿಂಗಳು ಅಂತಲೇ ಕರೆಯಿರಿ. ಫೆಬ್ರವರಿಯಲ್ಲಿ ಹತ್ತನೇ ಕ್ಲಾಸಿನವರಿಗೆ ಪರೀಕ್ಷೆಯ ತಯಾರಿ ಇರುತ್ತದೆ ಅನ್ನುವುದು ಇನ್ನೊಂದು. ನಿಜ, ಅವರನ್ನು ಹೆಚ್ಚು ಎಳೆಯಲಾಗುವುದಿಲ್ಲ. ಐದರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿದ್ದಾರೆ, ಕುತೂಹಲ ಜಾಸ್ತಿ ಇರುವ ವಯಸ್ಸೂ ಅದೇ.

2027ರಲ್ಲಿ ರಥಸಪ್ತಮಿ ಫೆಬ್ರವರಿ 13ಕ್ಕೆ, ಶನಿವಾರವೇ ಬಿದ್ದಿದೆ. ಗುರು ಗ್ರಹ ನಮ್ಮ ಆಕಾಶದಲ್ಲಿ ಸೂರ್ಯನ ನೇರ ಎದುರು ದಿಕ್ಕಿಗೆ ಬರುವುದು ಅದೇ ಫೆಬ್ರವರಿ 10ರ ಸುಮಾರಿಗೆ, ಮಂಗಳ 19ರ ಸುಮಾರಿಗೆ. ಹಾಗಾಗಿ ಆ ಸಂಜೆ ಎಂಟು ಗಂಟೆಯ ಹೊತ್ತಿಗೆ ಪೂರ್ವದಲ್ಲಿ ಎರಡೂ ಮೇಲೆ ಬಂದಿರುತ್ತವೆ. ಗುರುವಿನ ನಾಲ್ಕು ಚಂದ್ರರು ಸಣ್ಣ ಟೆಲಿಸ್ಕೋಪಿನಲ್ಲೂ ಸಿಗುತ್ತಾರೆ. ಮಂಗಳ ಈ ಸಲ ನಮ್ಮಿಂದ ಸ್ವಲ್ಪ ದೂರವೇ ಉಳಿಯುವುದರಿಂದ ಸಣ್ಣ ಕೆಂಪು ಬಿಲ್ಲೆಯ ಹಾಗೆ ಮಾತ್ರ ಕಾಣುತ್ತದೆ. ಚಂದ್ರನಷ್ಟು ದೊಡ್ಡ ಮಂಗಳದ ಸುಳ್ಳು ಕೇಳಿದವರಿಗೆ ಅದನ್ನೂ ತೋರಿಸಬೇಕು. ಮಹಾಶಿವರಾತ್ರಿ ಮಾರ್ಚ್ 6ಕ್ಕೆ, ಅದೂ ಶನಿವಾರ. ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯ, ಜಿಲ್ಲೆಗಳ ಹವ್ಯಾಸಿ ಸಂಘಗಳು, ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಈ ಎರಡು ಶನಿವಾರಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ, ಕಪಾಟಿನಲ್ಲಿ ಧೂಳು ಹಿಡಿದು ಕೂತಿರುವ ಟೆಲಿಸ್ಕೋಪ್‌ಗಳ ಕನ್ನಡಿ ಒರೆಸಿ ಬಸ್‌ಸ್ಟ್ಯಾಂಡಿಗೆ ತರುವಷ್ಟು ಸಮಯ ಖಂಡಿತ ಸಿಗುತ್ತದೆ.